ಚೀಟಿಯ ತಲೆ ಯಾವ ಕಡೆ

ಹೆಸರು ಬರೆಯುವುದಿಲ್ಲ. ಒಮ್ಮೆ ಬೀದಿಯಲ್ಲಿ ನಿಂತು ಆಕೆಯ ಹೆಸರನ್ನು ಊರಿಗೆಲ್ಲ ಕೇಳುವಂತೆ ಕೂಗಿದ್ದೇನೆ. ಅಷ್ಟು ಸಾಕು. ನಮ್ಮ ಓಣಿಯ ಮಕ್ಕಳು ಆಕೆಯನ್ನು ಚೀಟಿ ಖಾಲಾ ಅನ್ನುತ್ತಿದ್ದವು. ಖಾಲಾ ಅಂದರೆ ಮುಸಲ್ಮಾನರಲ್ಲಿ ಚಿಕ್ಕಮ್ಮ. ನಾನೂ ಹಾಗೇ ಬರೆಯುತ್ತೇನೆ.

ಖಾಲಾ ಹೋದ ತಿಂಗಳು ಸೊರಬದಲ್ಲಿ ತೀರಿಕೊಂಡಳು. ಅಲ್ಲೇ ಓದುತ್ತಿರುವ ಮೊಮ್ಮಗಳು ಫೋನಿನಲ್ಲಿ ಹೇಳಿದಳು. ನಾನು ರೊಟ್ಟಿ ತಟ್ಟುತ್ತಿದ್ದೆ. "ಹೂಂ" ಅಂದೆ. ಹಂಚಿನ ಮೇಲಿದ್ದದ್ದು ಸೀದುಹೋಯಿತು. ಅಳು ಬರಲಿಲ್ಲ. ಸುಳ್ಳು ಯಾಕೆ ಬರೆಯಲಿ. ಕಿವಿ ಬಿಸಿಯಾಯಿತು, ಯಾರೋ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನಿಸಿತು. ಅದು ನಾಚಿಕೆ. ಏಳು ವರ್ಷದಿಂದ ಮನೆಯಲ್ಲಿ ಇಟ್ಟುಕೊಂಡದ್ದು.

ನಾನು ಶಿಕಾರಿಪುರದಲ್ಲಿ ಜೋಳದ ರೊಟ್ಟಿ ಮಾಡಿ ಮಾರುವವಳು. ಶಾಲೆಗೆ ಹೋದದ್ದು ಎರಡು ವರ್ಷ. ಒತ್ತಕ್ಷರ ಬರುವ ಮೊದಲೇ ಬಿಡಿಸಿದರು, ಕಲಿತ ಬಿಡಿ ಅಕ್ಷರವೂ ಒಲೆಯ ಮುಂದೆ ಕರಗಿಹೋಯಿತು. ಈಗ ಮೂರು ವರ್ಷದಿಂದ ಮೊಮ್ಮಗಳು ರಜೆಗೆ ಬಂದಾಗಲೆಲ್ಲ ಮತ್ತೆ ಕಲಿಸಿದ್ದಾಳೆ. ಇದನ್ನು ಬರೆದದ್ದು ನಾನೇ. ಒತ್ತು, ದೀರ್ಘ ತಿದ್ದಿ ನೆಟ್ಟಗೆ ಮಾಡಿದ್ದು ಅವಳು.

ಖಾಲಾಳ ಮನೆ ನಮ್ಮ ಮನೆಗೆ ಎರಡು ಬಾಗಿಲು ಆಚೆ. ನಡುವೆ ಹಿಟ್ಟಿನ ಗಿರಣಿ. ಆಕೆಯ ಗಂಡ ಪುಸ್ತಕಕ್ಕೆ ರಟ್ಟು ಹಾಕುವ ಬೈಂಡಿಂಗ್ ಕೆಲಸದವನು. ಅವನು ಸತ್ತ ಮೇಲೆ ಕೆಲಸ ಆಕೆಯೇ ನಡೆಸಿದಳು. ಮೈದಾ ಅಂಟು ಕುದಿಸಿ, ಹುಳ ಹಿಡಿಯದ ಹಾಗೆ ಚಿಟಿಕೆ ಮೈಲುತುತ್ತ ಹಾಕಿ, ದಾರಕ್ಕೆ ಮೇಣ ಉಜ್ಜಿ ಬೆಳಿಗ್ಗೆಯಿಂದ ಹೊಲಿಯುತ್ತಿದ್ದಳು. ಬೆರಳ ತುದಿ ಯಾವಾಗಲೂ ಒಂಚೂರು ನೀಲಿ. ಮಾತು ಕಮ್ಮಿ. ನಕ್ಕರೆ ಸೆರಗು ಬಾಯಿಗೆ ಅಡ್ಡ ಬರುತ್ತಿತ್ತು, ಮುಂದಿನ ಒಂದು ಹಲ್ಲು ಇರಲಿಲ್ಲ.

ಬೇಸಿಗೆ ರಜೆ ಬಂತೆಂದರೆ ಆಕೆಯ ಜಗುಲಿ ತುಂಬ ಓಣಿಯ ಮಕ್ಕಳು. ಉಳಿದ ರಟ್ಟು, ಕಂದು ಕಾಗದದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಹೊಲಿದು ಕೊಡುತ್ತಿದ್ದಳು. ಅದಕ್ಕೆ ರಜೆ ಪುಸ್ತಕ ಅಂತ ಹೆಸರು. ರಜೆಯಲ್ಲಿ ಕಂಡದ್ದು, ತಿಂದದ್ದು, ಬಿದ್ದದ್ದು ಎಲ್ಲ ಅದರೊಳಗೆ ಅಂಟಬೇಕು. ಬಸ್ಸಿನ ಟಿಕೆಟು, ನವಿಲುಗರಿ, ಐಸ್ ಕ್ಯಾಂಡಿಯ ಕಡ್ಡಿ, ಉದುರಿದ ಹಲ್ಲು ಕೂಡ. ಒಂದೊಂದಕ್ಕೂ ಒಂದೊಂದು ಚೀಟಿ ಕಟ್ಟಬೇಕು. ಚೀಟಿ ಕಟ್ಟದೆ ಏನೂ ಪುಸ್ತಕದೊಳಗೆ ಹೋಗುವ ಹಾಗಿಲ್ಲ.

ಚೀಟಿ ಮಾಡುತ್ತಿದ್ದದ್ದು ಹಳೆಯ ಲಗ್ನಪತ್ರಿಕೆಗಳಲ್ಲಿ. ಲಗ್ನದ ದಿನ ಕಳೆದ ಪತ್ರಿಕೆಗಳನ್ನು ಓಣಿಯವರೆಲ್ಲ ಆಕೆಗೇ ಕೊಡುತ್ತಿದ್ದರು. ಹೆಬ್ಬೆರಳಗಲ ಕತ್ತರಿಸಿ, ಮೇಲಿನ ಎರಡು ಮೂಲೆ ತೆಗೆದು, ನಡುವೆ ಉಳಿಯಿಟ್ಟು ಸುತ್ತಿಗೆಯಿಂದ ಒಂದೇ ಏಟು. ತೂತು. ಅದಕ್ಕೆ ಬಣ್ಣದ ದಾರ. ಅಂಚಿಗೆ ಹಳೇ ಸೀರೆಯ ಜರಿ. ಆಮೇಲೆ ಮಕ್ಕಳ ಕೈಯಲ್ಲೇ ಬರೆಸಬೇಕು. ಅಕ್ಷರಕ್ಕೆ ಬಳ್ಳಿಯ ಹಾಗೆ ಕೊಂಬು, ಸುರುಳಿ ಬಿಡಿಸುವುದನ್ನೂ ಕಲಿಸಿದ್ದಳು.

ಬರೀ "ಮಾವಿನಕಾಯಿ" ಅಂತ ಬರೆದರೆ ಒಪ್ಪುತ್ತಿರಲಿಲ್ಲ.

"ಯಾವ ಮಾವಿನಕಾಯಿ? ಸಂತೇಲಿ ಗುಡ್ಡೆ ಗುಡ್ಡೆ ಐತೆ. ನಿಂದು ಯಾವ್ದು?"

"ಮೇಷ್ಟ್ರ ತಲೆ ಮ್ಯಾಲೆ ಬಿದ್ದಿದ್ದು, ಖಾಲಾ."

"ಹಂಗ್ ಬರಿ ಮತ್ತೆ!"

ನಾನು ರೊಟ್ಟಿ ಬುಟ್ಟಿ ಹೊತ್ತು ಹೋಗುವಾಗ ಛೇಡಿಸುತ್ತಿದ್ದೆ. "ಏನವ್ವಾ, ಊರ ಕಸಾನೆಲ್ಲ ಗುಡ್ಡೆ ಹಾಕ್ಕೊಂಡು ಕುಂತೀಯ?"

"ಚೀಟಿ ಕಟ್ಟಿದ್ರೆ ಕಸಾನೂ ಸಾಮಾನು ಅಕ್ಕಾ" ಅನ್ನುತ್ತಿದ್ದಳು, ತಲೆ ಎತ್ತದೆ.

ಲಗ್ನಪತ್ರಿಕೆಯ ನೆತ್ತಿಯಲ್ಲಿ ಗಣಪತಿಯೋ ಬಸವಣ್ಣನೋ ಇರುತ್ತದಲ್ಲ, ಅದನ್ನು ಮಾತ್ರ ಆಕೆ ಎಂದೂ ಕತ್ತರಿಸಿದವಳಲ್ಲ. ದೇವರ ಸುತ್ತ ದೂರದಿಂದ ಕತ್ತರಿ ಆಡಿಸಿ, ಆ ತುಂಡುಗಳನ್ನು ಬೇರೆ ಡಬ್ಬಿಯಲ್ಲಿ ಕೂಡಿಟ್ಟು, ಅಮಾವಾಸ್ಯೆಗೊಮ್ಮೆ ತಂದು ನನ್ನ ಕೈಗೆ ಕೊಡುತ್ತಿದ್ದಳು. "ನಿಮ್ಮ ದೇವ್ರು, ನೀವೇ ಹೊಳೆಗೆ ಬಿಡ್ರಿ ಅಕ್ಕಾ. ನನ್ನ ಕತ್ತರಿ ಇದ್ರ ಮ್ಯಾಲೆ ಆಡಲ್ಲ." ಇದನ್ನು ಇಲ್ಲಿ ಯಾಕೆ ಬರೆದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ನನಗೆ ಓದಲು ಬರುವುದಿಲ್ಲ ಅನ್ನುವುದು ಓಣಿಗೆ ಗೊತ್ತಿರಬಾರದು ಅನ್ನುವುದು ನನ್ನ ಹಟವಾಗಿತ್ತು. ಬಾಯಿ ಜೋರಿದ್ದವಳಿಗೆ ಎಲ್ಲ ಬರುತ್ತದೆ ಅಂತ ಜನ ತಿಳಿಯುತ್ತಾರೆ, ಹಾಗೇ ತಿಳಿದಿರಲಿ ಅಂತ ಬಿಟ್ಟಿದ್ದೆ. ಯಾರಾದರೂ ಕಾಗದ ಕೊಟ್ಟರೆ ಮೇಲಿಂದ ಕೆಳಗೆ ಕಣ್ಣಾಡಿಸಿ ಮಡಚಿ ಸೊಂಟಕ್ಕೆ ಸಿಕ್ಕಿಸುತ್ತಿದ್ದೆ.

ಒಂದು ದಿನ ಕುಬಟೂರಿನ ನೆಂಟರು ಪತ್ರಿಕೆ ಕೊಟ್ಟು ಹೋದರು. ಎರಡು ದಿನ ಬಿಟ್ಟು ಖಾಲಾ ಮನೆಗೆ ಬಂದಿದ್ದಳು. ನಾನು ಪತ್ರಿಕೆ ಬಿಡಿಸಿ ನೋಡಿ, "ಒಳ್ಳೇ ಜೋಡಿ. ಹುಡುಗಿ ಕಡೇರು ಸ್ಥಿತಿವಂತರು" ಅಂದೆ. ಖಾಲಾ ಪತ್ರಿಕೆ ಇಸಿದುಕೊಂಡು ತನ್ನಷ್ಟಕ್ಕೆ ಓದಿಕೊಳ್ಳುವವಳ ಹಾಗೆ, "ಅರೆ, ಗೃಹಪ್ರವೇಶ ಸೋಮವಾರಾನೇ ಐತಲ್ಲ. ಹೊಸ ಮನೆ ಕಟ್ಸಿದ್ರಾ ಅಕ್ಕಾ?" ಅಂದಳು.

ನಾನು ಮನೆಗೆ ಮದುವೆ ಮಾಡಿಸಿದ್ದೆ. ಆಕೆ ನಗಲಿಲ್ಲ. ಹೊರಗೆ ಯಾರಿಗೂ ಹೇಳಲಿಲ್ಲ.

ಅವತ್ತಿನಿಂದ ನನ್ನ ಮನೆಗೂ ಚೀಟಿ ಬರತೊಡಗಿದವು. ರಕ್ತದೊತ್ತಡದ ಗುಳಿಗೆಯ ಹಾಳೆಗೆ ಸೂರ್ಯನ ಚಿತ್ರದ ಚೀಟಿ. ಊಟವಾದ ಮೇಲೆ ನುಂಗುವುದಕ್ಕೆ ತಟ್ಟೆ. ಮಲಗುವ ಮುಂಚಿನದಕ್ಕೆ ಚಂದ್ರ. "ಮಕ್ಕಳು ಮಾಡಿದ್ದು ಮಿಕ್ಕಿತ್ತು ಅಕ್ಕಾ, ಚೆಂದಕ್ಕೆ ಕಟ್ಟೀನಿ" ಅಂದಳು. ಮಿಕ್ಕದ್ದಲ್ಲ ಅಂತ ನನಗೂ ಗೊತ್ತಿತ್ತು. ನನಗೆ ಗೊತ್ತು ಅಂತ ಆಕೆಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತಲಿಲ್ಲ.

ಏಳು ವರ್ಷದ ಹಿಂದಿನ ಬೇಸಿಗೆ. ಸೊರಬದಿಂದ ಮಗಳ ಮಗಳು ರಜೆಗೆ ಬಂದಿದ್ದಳು. ಆಗ ಅವಳಿಗೆ ಒಂಬತ್ತು. ಬಂದ ದಿನದಿಂದ ಖಾಲಾಳ ಜಗುಲಿಯಲ್ಲೇ ಬಿಡಾರ. ಊಟಕ್ಕೆ ಕರೆದರೆ ಬರುವವಳಲ್ಲ. ಕರೆದು ಕರೆದು ನನಗೆ ಸಿಟ್ಟು. ನನ್ನ ಮೊಮ್ಮಗಳಿಗೆ ನನಗಿಂತ ಅವಳೇ ಹೆಚ್ಚಾದಳಲ್ಲ ಅನ್ನುವ ಹೊಟ್ಟೆಕಿಚ್ಚು ಆಗಲೇ ಇತ್ತು. ಅದನ್ನೂ ಬರೆಯದೆ ಹೋದರೆ ಲೆಕ್ಕ ಸರಿಹೋಗುವುದಿಲ್ಲ.

ಹದಿನೈದು ದಿನಕ್ಕೆ ಹುಡುಗಿಗೆ ಜ್ವರ ಬಂತು. ಎರಡು ದಿನವಾದರೂ ಇಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಾಸಿಗೆ ಕೊಡವಲು ದಿಂಬು ಎತ್ತಿದೆ. ಕೆಳಗೆ ಒಂದು ಚೀಟಿ.

ಕಪ್ಪು ದಾರ. ದಾರಕ್ಕೆ ನಾಲ್ಕೈದು ಗಂಟು. ಗಂಟಿನಲ್ಲಿ ಸುತ್ತಿದ ಕೂದಲು. ಚೀಟಿಯ ಮೇಲೆ ಬೂದಿಯ ಹಾಗೆ ಏನೋ ಬಿಳಿ ಪುಡಿ ಮೆತ್ತಿದೆ. ಅದರ ನಡುವೆ ಸುರುಳಿ ಸುರುಳಿ ಬರಹ.

ನಮ್ಮ ಕಡೆ ಚೀಟಿ ಅನ್ನುವ ಮಾತಿಗೆ ಇನ್ನೊಂದು ಅರ್ಥ ಇದೆ. ತಾಯತದೊಳಗೆ ಮಂತ್ರ ಬರೆದು ಇಡುವುದೂ ಚೀಟಿಯೇ. ಆಗದವರು ಮಾಟ ಮಾಡಿಸಿ ಹಾಸಿಗೆ ಕೆಳಗೆ ಇಡಿಸುವುದೂ ಚೀಟಿಯೇ. ಚಿಕ್ಕವಳಿದ್ದಾಗಿನಿಂದ ಕೇಳಿದ ಮಾತು ಎಲ್ಲಿ ಅಡಗಿತ್ತೋ, ಎದ್ದು ಬಂತು. ಆ ಬರಹ ನನಗೆ ಕನ್ನಡದ ಹಾಗೆ ಕಾಣಲಿಲ್ಲ. ಅವರ ಮಸೀದಿಯ ಬಾಗಿಲ ಮೇಲಿನ ಬರಹದ ಹಾಗೆ ಕಂಡಿತು.

ಮುಂದಿನದು ಹತ್ತು ನಿಮಿಷದ ಕೆಲಸ. ಹಿಟ್ಟು ಹತ್ತಿದ ಕೈಯಲ್ಲೇ ಹೊರಗೆ ಬಂದೆ. ಆಕೆಯ ಜಗುಲಿಯ ಮುಂದೆ ನಿಂತು ಹೆಸರು ಹಿಡಿದು ಕೂಗಿದೆ. ಗಿರಣಿಗೆ ಕಾಳು ತಂದವರು, ನೀರಿಗೆ ನಿಂತವರು, ಜಗುಲಿಯ ಮೇಲಿದ್ದ ಮಕ್ಕಳು ಎಲ್ಲ ನೋಡಿದರು.

"ಊರ ಮಕ್ಳನ್ನ ಕೂಡಿಸ್ಕೊಳ್ಳೋದು ಇದಕ್ಕಾ? ನನ್ನ ಮೊಮ್ಮಗಳ ದಿಂಬಿನ ಕೆಳಗೆ ಚೀಟಿ ಇಡ್ಸೀಯಾ? ಕೂದ್ಲು, ಬೂದಿ, ಕರೀ ದಾರ! ನೋಡ್ರವ್ವಾ, ಎಲ್ರೂ ನೋಡ್ರಿ, ಅವ್ರ ಅಕ್ಷರದಾಗೆ ಬರ್ಸ್ಯಾಳೆ!"

ಖಾಲಾ ಕೈಯಲ್ಲಿ ಸೂಜಿ ಹಿಡಿದು ಎದ್ದು ನಿಂತಳು. ಮುಖ ಬಿಳುಚಿತ್ತು. ನಾನು ಚೀಟಿ ಎಸೆದೆ. ಆಕೆಯ ಕಾಲ ಹತ್ತಿರ ಬಿತ್ತು.

"ಓದು! ಏನ್ ಬರ್ಸೀಯ, ನಾಕು ಮಂದಿ ಮುಂದೆ ಓದು!"

ಆಕೆ ಬಗ್ಗಿ ಎತ್ತಿಕೊಂಡಳು. ನಾನು ಹಿಡಿದಿದ್ದ ಹಾಗೇ ಹಿಡಿದು ಒಮ್ಮೆ ನೋಡಿದಳು. ಆಮೇಲೆ ಎರಡು ಬೆರಳಲ್ಲಿ ಮೆಲ್ಲಗೆ ಅದನ್ನು ತಿರುಗಿಸಿದಳು. ಕೆಳಗಿದ್ದದ್ದು ಮೇಲೆ ಬಂತು.

ಅಷ್ಟೇ. ಆ ತಿರುಗಿಸಿದ್ದನ್ನು ನಾನು ನೋಡಿದೆ. ನನಗೆ ಆ ಕ್ಷಣವೇ ಗೊತ್ತಾಯಿತು. ಆಮೇಲೆ ಗೊತ್ತಾದದ್ದಲ್ಲ, ಯಾರೋ ಹೇಳಿ ಗೊತ್ತಾದದ್ದಲ್ಲ. ಅಲ್ಲೇ, ಆಗಲೇ ಗೊತ್ತಾಯಿತು. ನಾನು ಅದನ್ನು ತಲೆಕೆಳಗೆ ಹಿಡಿದಿದ್ದೆ.

ಆಕೆ ಓದಿದಳು, ಮನಸ್ಸಿನಲ್ಲಿ. ತುಟಿ ಅಲುಗಿತು. ತಲೆ ಎತ್ತಿ ನನ್ನನ್ನು ನೋಡಿದಳು. ಇದು ಕನ್ನಡ, ನೀನು ತಲೆಕೆಳಗೆ ಹಿಡಿದೀಯ ಅಂತ ಒಂದು ಮಾತು ಅಂದಿದ್ದರೆ ಆಕೆ ಗೆಲ್ಲುತ್ತಿದ್ದಳು. ಓಣಿ ಬಿದ್ದು ಬಿದ್ದು ನಗುತ್ತಿತ್ತು, ನನ್ನನ್ನು ನೋಡಿ. ಆಕೆ ಅನ್ನಲಿಲ್ಲ. ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಮಗು ಹೆಂಗೈತೆ ಅಕ್ಕಾ?" ಅಂತ ಕೇಳಿದಳು.

ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜನಕ್ಕೆ ಅಷ್ಟು ಸಾಕಾಯಿತು. "ಓದು ಅಂದ್ರೆ ಓದ್ಲಿಲ್ಲ ನೋಡು" ಅಂದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಬಹುದಿತ್ತು. ಜೋಳದ ಮೂಟೆ ಹೊತ್ತವನ ಜತೆಗೂ ಜಗಳ ಕಾಯುವ ಬಾಯಿ, ಅವತ್ತು ಕಚ್ಚಿಕೊಂಡಿತು.

ಜ್ವರ ಐಸ್ ಕ್ಯಾಂಡಿಯದು. ಡಾಕ್ಟರು ಒಂದು ಸೂಜಿ ಚುಚ್ಚಿದರು, ಸಂಜೆಗೆ ಇಳಿಯಿತು. ಹುಡುಗಿ ಎದ್ದು ಕೂತು ಕೇಳಿದ ಮೊದಲ ಮಾತು, "ಅಜ್ಜಿ, ದಿಂಬಿನ ಕೆಳಗೆ ಇಟ್ಟಿದ್ನಲ್ಲ ಚೀಟಿ, ಎಲ್ಲಿ?"

"ಯಾವ ಚೀಟಿ? ನಾ ಕಾಣೆ."

"ನಂದೇ ಅಜ್ಜಿ! ಪುಸ್ತಕದ ಮೊದಲ್ನೇ ಹಾಳೆಗೆ ಮಾಡಿದ್ದು. ನಮ್ಮ ಅಜ್ಜಿ ಅಂತ ಬರ್ದಿದ್ದೆ. ನಿನ್ನ ಬಾಚಣಿಗೇಲಿದ್ದ ಕೂದ್ಲು ಕಟ್ಟಿದ್ದೆ. ನಿಂಗೆ ಗೊತ್ತಾಗ್ಬಾರ್ದು ಅಂತ ಬಚ್ಚಿಟ್ಟಿದ್ದೆ."

"ಕರೀ ದಾರ ಯಾಕೆ ಕಟ್ಟಿದ್ದೆ?" ಅಂತ ನನ್ನ ಬಾಯಿಂದ ಜಾರಿತು. ಹುಡುಗಿ ಅದನ್ನು ಗಮನಿಸಲಿಲ್ಲ.

"ಬಿಳೀ ಕೂದ್ಲು ಎದ್ದು ಕಾಣ್ಲಿ ಅಂತ. ಗಂಟು ನಿಲ್ತಾನೇ ಇರ್ಲಿಲ್ಲ, ಅದಕ್ಕೇ ತುಂಬ ಹಾಕ್ದೆ. ರೊಟ್ಟಿ ಹಿಟ್ಟೂ ಅಂಟ್ಸಿದ್ದೆ."

ಕೂದಲು ನನ್ನದು. ಹಿಟ್ಟು ನನ್ನದು. ಬರಹವೂ ನಾನೇ. ಅದನ್ನು ಬೀದಿಯಲ್ಲಿ ಎಸೆದು ಬಂದಿದ್ದೆ.

ಆಗಲಾದರೂ ಹೋಗಬಹುದಿತ್ತು. ಎರಡು ಬಾಗಿಲು ದಾಟಿದರೆ ಆಯಿತು. ನಾಳೆ ಹೋಗೋಣ ಅಂದುಕೊಂಡೆ. ನಾಳೆ ಆದ ಮೇಲೆ ಇನ್ನೂ ಕಷ್ಟ. ಮರುದಿನವೇ ಮಗಳು ಬಂದು ಹುಡುಗಿಯನ್ನು ಸೊರಬಕ್ಕೆ ಕರೆದುಕೊಂಡು ಹೋದಳು. ಆ ಪುಸ್ತಕದ ಮೊದಲ ಹಾಳೆಯಲ್ಲಿ ದಾರ ತೂರಿಸುವ ತೂತು ಮಾತ್ರ ಉಳಿಯಿತು.

ಖಾಲಾಳ ಜಗುಲಿ ಬರಿದಾಯಿತು. ತಾಯಂದಿರು ಮಕ್ಕಳನ್ನು ಬಿಡಲಿಲ್ಲ. ಒಂದಿಬ್ಬರು ರಜೆ ಪುಸ್ತಕವನ್ನು ನೀರೊಲೆಗೆ ಹಾಕಿದರಂತೆ. ಶಾಲೆ ಶುರುವಾಗುವ ಹೊತ್ತಿಗೆ ಓಣಿಯವರು ಪುಸ್ತಕಗಳನ್ನು ಬೈಂಡಿಂಗಿಗೆ ಬೇರೆ ಕಡೆ ಕೊಟ್ಟರು. ಆ ಅಮಾವಾಸ್ಯೆಗೆ ದೇವರ ಚಿತ್ರದ ಡಬ್ಬಿಯನ್ನು ಆಕೆ ನನ್ನ ಬಾಗಿಲ ಹೊರಗೆ ಇಟ್ಟು ಹೋಗಿದ್ದಳು. ಒಂದು ದೇವರ ಮೇಲೂ ಕತ್ತರಿ ಆಡಿರಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಮನೆ ಖಾಲಿ ಮಾಡಿ ಸೊರಬಕ್ಕೆ, ತಂಗಿಯ ಮನೆಗೆ ಹೋದಳು. ಸಾಮಾನು ಹೇರುವಾಗ ನಾನು ಕದ ಮುಂದೆ ಮಾಡಿಕೊಂಡು ಒಳಗೆ ಕೂತಿದ್ದೆ.

ಸೂರ್ಯ, ತಟ್ಟೆ, ಚಂದ್ರನ ಚೀಟಿಗಳನ್ನು ನಾನು ಕಿತ್ತು ಹಾಕಲಿಲ್ಲ. ಮಾಟಗಾತಿ ಅಂದ ಬಾಯಿಗೆ ಅವಳ ಚೀಟಿ ನೋಡಿಕೊಂಡೇ ಗುಳಿಗೆ ಹಾಕಿಕೊಂಡೆ. ಅವು ಇಲ್ಲದಿದ್ದರೆ ಯಾವುದು ಯಾವ ಹೊತ್ತಿಗೆ ಅಂತ ನನಗೆ ತಿಳಿಯುತ್ತಿರಲಿಲ್ಲ.

ಆಮೇಲೆ ಆಕೆ ಒಂದೇ ಸಲ ಸಿಕ್ಕಿದ್ದು. ಮಗಳ ಮನೆಗೆ ಹೋಗಿ ವಾಪಸು ಬರುವಾಗ, ಸೊರಬದ ಬಸ್ ನಿಲ್ದಾಣದಲ್ಲಿ. ಒಂದು ಬಸ್ಸು ಬಂತು. ಎಲ್ಲರೂ ಹತ್ತಿದರು ಅಂತ ನಾನೂ ಕಂಬಿ ಹಿಡಿದೆ. ಹಿಂದಿನಿಂದ ಯಾರೋ ಸೆರಗು ಜಗ್ಗಿದರು. ತಿರುಗಿದರೆ ಖಾಲಾ. ಕಿವಿಯ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ, "ಅಕ್ಕಾ, ಇದು ಉಳವಿಗೆ ಹೋಗ್ತೈತೆ. ಶಿಕಾರಿಪುರದ್ದು ಆ ಕಡೆ" ಅಂದಳು.

ಇಳಿದೆ. ಇಬ್ಬರೂ ನಿಂತೆವು. ಆಕೆ ಬಡವಾಗಿದ್ದಳು. ಬೆರಳು ಮಾತ್ರ ಹಾಗೇ ನೀಲಿ. ಹೇಳಬೇಕಾದ ಮಾತು ಒಂದಿತ್ತು. ನಾನು ಕೇಳಿದ್ದೇನು ಗೊತ್ತೇ?

"ಮಂಡಿ ನೋವು ಹೆಂಗೈತೆ?"

"ಐತೆ ಅಕ್ಕಾ, ಹಂಗೇ ಐತೆ. ನಿಮ್ಮ ಗುಳಿಗೆ?"

"ನುಂಗ್ತಿದೀನಿ."

ಬಸ್ಸು ಬಂತು. ಹತ್ತಿದೆ. ಕಿಟಕಿಯಿಂದ ನೋಡಲಿಲ್ಲ. ಆ ಸಲ ಮನೆಗೆ ಬಂದವಳೇ ಮೊಮ್ಮಗಳಿಗೆ ಫೋನ್ ಮಾಡಿ, ರಜೆಗೆ ಬಂದಾಗ ನನಗೆ ಅಕ್ಷರ ಕಲಿಸು ಅಂದೆ. ಕಲಿತ ಮೇಲೆ ಒಂದು ಕಾಗದ ಬರೆದು ಆಕೆಗೆ ಕಳಿಸಬೇಕು ಅಂತ ಇತ್ತು. ಬಿಡಿ ಅಕ್ಷರ ಬೇಗ ಬಂತು. ಒತ್ತಕ್ಷರ ಬರಲು ಮೂರು ವರ್ಷ ಹಿಡಿಯಿತು. "ಕ್ಷಮಿಸು" ಅನ್ನುವುದರಲ್ಲಿ ಮೊದಲೇ ಒತ್ತು ಬರುತ್ತದೆ ಅಂತ ನೆಪ ಹೇಳಿಕೊಂಡೆ. ಅಷ್ಟರೊಳಗೆ ಆಕೆ ಸತ್ತಳು.

ಸತ್ತ ಹದಿನೈದು ದಿನಕ್ಕೆ ಮೊಮ್ಮಗಳ ಜತೆ ಸೊರಬದಲ್ಲಿ ಖಾಲಾಳ ತಂಗಿಯ ಮನೆಗೆ ಹೋದೆ. ತಂಗಿಯ ಮಗಳು ಚಾಪೆ ಹಾಕಿ ಚಹಾ ಕೊಟ್ಟಳು. ನಾನು ಯಾರು ಅಂತ ಹೇಳಿದೆ. ಆಕೆ ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದಳು.

"ಶಿಕಾರಿಪುರದ ಅಕ್ಕ ಅಂದ್ರೆ ನೀವೇನಾ? ನಿಮ್ದೊಂದು ಇದೆ ಇದರಲ್ಲಿ. ಕೊಡ್ಬೇಕು ಅಂತಿದ್ರು ಖಾಲಾ. ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ರಂತೆ, ಆವತ್ತು ಜತೇಲಿ ಇರ್ಲಿಲ್ಲ ಅಂತ ಪೇಚಾಡ್ಕೊಂಡಿದ್ರು."

ಅದೇ ಚೀಟಿ. ಕಪ್ಪು ದಾರ, ನನ್ನ ಕೂದಲು. ಹಿಟ್ಟು ಉದುರಿಹೋಗಿತ್ತು. ಅವತ್ತು ಇರದಿದ್ದ ಒಂದು ಗುರುತು ಮಾತ್ರ ಈಗ ಇತ್ತು. ಮೇಲೆ, ತೂತಿನ ಪಕ್ಕ, ಒಂದು ಕೆಂಪು ಚುಕ್ಕೆ.

"ಈ ಚುಕ್ಕೆ ಯಾಕೆ?" ಅಂತ ಮೊಮ್ಮಗಳು ಕೇಳಿದಳು.

"ಇಲ್ಲಿಗೆ ಬಂದ ಮೇಲೆ ಮಾಡಿದ್ದಕ್ಕೆಲ್ಲ ಹಾಕಿದಾರೆ ನೋಡು" ಅಂತ ಆಕೆ ಡಬ್ಬಿ ಬಗ್ಗಿಸಿದಳು. ಚಾಪೆಯ ತುಂಬ ಚೀಟಿ. ಎಲ್ಲದರ ನೆತ್ತಿಯಲ್ಲೂ ಕೆಂಪು ಚುಕ್ಕೆ. "ಇಲ್ಲೂ ಮಕ್ಕಳು ಬರ್ತಿದ್ವು. ಮೊದ್ಲು ಚುಕ್ಕೆ ಇಡಿಸ್ತಿದ್ರು, ಆಮೇಲೇ ಬರ್ಸೋದು. ಓದಕ್ಕೆ ಬರದೇ ಇರೋರ ಕೈಗೂ ಹೋಗತ್ತೆ, ತಲೆ ಯಾವ ಕಡೆ ಅಂತ ಅವ್ರಿಗೂ ಗೊತ್ತಾಗ್ಬೇಕು ಅಂತಿದ್ರು. ಯಾರೋ ಒಬ್ರು ಗೊತ್ತಿದ್ದೋರಿಗೆ ಹಂಗಾಗಿತ್ತಂತೆ. ಯಾರು ಖಾಲಾ ಅಂತ ಕೇಳಿದ್ರೆ ಹೆಸರು ಹೇಳ್ಲಿಲ್ಲ."

ಚಹಾ ಕುಡಿಯಲಾಗಲಿಲ್ಲ.

ಮಗಳ ಮನೆಗೆ ಬಂದು ಮೊಮ್ಮಗಳಿಗೆ ಎಲ್ಲ ಹೇಳಿದೆ. ಅವಳು ಎರಡು ದಿನ ನನ್ನ ಜತೆ ಮಾತಾಡಲಿಲ್ಲ. ಮೂರನೆಯ ದಿನ, "ಓಣೀಲಿ ಕೂಗಿದ್ದಲ್ವಾ, ಓಣೀಲೇ ಹೇಳು" ಅಂದಳು.

ಶಿಕಾರಿಪುರಕ್ಕೆ ಬಂದು ಹೇಳಿದೆ. ಗಿರಣಿಯ ಮುಂದೆ, ಜನ ಇರುವ ಹೊತ್ತು ನೋಡಿಯೇ ನಿಂತೆ. ಆ ದಿನ ಖಾಲಾ ಏನೂ ಮಾಡಿರಲಿಲ್ಲ, ಅದು ನನ್ನ ಮೊಮ್ಮಗಳು ಬರೆದ ಕನ್ನಡ, ನನಗೆ ಓದಲು ಬರುತ್ತಿರಲಿಲ್ಲ, ತಲೆಕೆಳಗೆ ಹಿಡಿದಿದ್ದೆ ಅಂದೆ. ಎಲ್ಲರೂ ಉಗಿಯುತ್ತಾರೆ ಅಂದುಕೊಂಡಿದ್ದೆ.

ಗಿರಣಿಯಾಕೆ ಹಿಟ್ಟು ಜರಡಿ ಹಿಡಿಯುತ್ತಲೇ, "ಅಯ್ಯ, ನಿಂಗೆ ಓದಕ್ಕೆ ಬರ್ತಿರ್ಲಿಲ್ಲ ಅಂತ ಓಣಿಗೆಲ್ಲ ಗೊತ್ತಿತ್ತು ಬಿಡಬೇ" ಅಂದಳು.

"ಗೊತ್ತಿತ್ತಾ?"

"ಕುಬಟೂರಿನ ಗೃಹಪ್ರವೇಶಕ್ಕೆ ನೀನು ಮದುಮಗಳಿಗೆ ಅಂತ ಕುಪ್ಪಸದ ಕಣ ತಗೊಂಡು ಬಂದಿದ್ದೆ. ನನ್ನ ಹತ್ರಾನೇ ತೋರ್ಸಿದ್ದೆ."

"ಮತ್ತೆ ಅವತ್ತು ಯಾಕೆ ಯಾರೂ ಬಾಯಿ ಬಿಡ್ಲಿಲ್ಲ? ಅವ್ಳ ಕೈಲಿದ್ದ ಚೀಟಿ ಇಸ್ಕೊಂಡು ಒಬ್ರಾದ್ರೂ ಓದ್ಬಾರ್ದಿತ್ತಾ?"

ಗಿರಣಿಯಾಕೆ ಜರಡಿ ನಿಲ್ಲಿಸಿದಳು. "ನಿನ್ನ ಬಾಯಿಗೆ ಯಾರು ಅಡ್ಡ ಬರ್ತಾರೆ?" ಅಂದಳು. ಆಮೇಲೆ ಮೋಟಾರು ಚಾಲೂ ಮಾಡಿದಳು.

ಇಡೀ ಓಣಿಗೆ ಗೊತ್ತಿದ್ದ ಗುಟ್ಟನ್ನು ಕಾಯಲು ಖಾಲಾ ತನ್ನ ಮಾನ ಕೊಟ್ಟಳು. ಅದು ಗುಟ್ಟಲ್ಲ ಅನ್ನುವುದು ಗೊತ್ತಿಲ್ಲದವರು ನಾವಿಬ್ಬರೇ.

ಬರೆದು ಮುಗಿಸಿ, ಅಚ್ಚಿಗೆ ಕಳಿಸು ಅಂತ ಹಾಳೆಗಳನ್ನು ಮೊಮ್ಮಗಳ ಕೈಗೆ ಕೊಟ್ಟೆ. ಪ್ರತಿ ಹಾಳೆಯ ನೆತ್ತಿಯಲ್ಲೂ ಕುಂಕುಮದ ಚುಕ್ಕೆ ಇಟ್ಟಿದ್ದೆ.

"ಅಜ್ಜಿ, ಅಚ್ಚು ಹಾಕುವಾಗ ಇದೆಲ್ಲ ಬರಲ್ಲ" ಅಂದಳು.

"ಬರದಿದ್ರೆ ಬಿಡು. ಅಳಿಸಬೇಡ" ಅಂದೆ.